ಸೊರಗುವ ಗಡ್ಡೆ

ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಆಡಿದ ಮಾತುಗಳಿವು. ಅವತ್ತು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರ ಇಲ್ಲ, ಅದಕ್ಕೆ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ನಿಮ್ಮ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರ್ ಅಲ್ಲ. ಆಪರೇಷನ್ ಮಾಡುವವಳೂ ಅಲ್ಲ. ನಾನು ಪ್ಯಾಥಾಲಜಿಸ್ಟ್. ಆಪರೇಷನ್ನಿನಲ್ಲಿ ತೆಗೆದದ್ದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತದೆ. ಅದನ್ನು ಕೊಯ್ದು, ತೆಳ್ಳಗೆ ಹೆರೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಏನದು ಎಂದು ಬರೆದು ಕೊಡುವುದು ನನ್ನ ಕೆಲಸ. ಪೇಷಂಟುಗಳ ಮುಖ ನಾನು ನೋಡುವುದು ಅಪರೂಪ. ಅವರ ಗಡ್ಡೆಗಳ ಮುಖ ಮಾತ್ರ ಚೆನ್ನಾಗಿ ಗೊತ್ತು.

ಆದರೂ ಮದುವೆಮನೆಯಲ್ಲೋ ಬಸ್ಸಿನಲ್ಲೋ ನಾನು ಡಾಕ್ಟರ್ ಅಂತ ಗೊತ್ತಾದರೆ ಸಾಕು, ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. "ಗರ್ಭಕೋಶದಲ್ಲಿ ಗಡ್ಡೆ ಇದೆ ಅಂದಿದ್ದಾರೆ ಮೇಡಂ. ತಿಂಗಳಿಗೊಂದು ಇಂಜೆಕ್ಷನ್ ತಗೊಂಡ್ರೆ ಕರಗುತ್ತಂತೆ. ಹೌದಾ?"

ಆ "ಕರಗುತ್ತೆ" ಅನ್ನುವ ಪದದ ಮೇಲೆಯೇ ನನ್ನ ತಕರಾರು. ಸಕ್ಕರೆ ಕರಗುತ್ತದೆ, ಬೆಣ್ಣೆ ಕರಗುತ್ತದೆ, ಕರಗಿದ ಮೇಲೆ ಏನೂ ಉಳಿಯುವುದಿಲ್ಲ. ಗರ್ಭಕೋಶದ ಈ ಗಡ್ಡೆ, ಅಂದರೆ ಫೈಬ್ರಾಯ್ಡ್, ಸೊರಗುತ್ತದೆ. ನೀರು ನಿಲ್ಲಿಸಿದ ಗಿಡ ಸೊರಗುತ್ತದಲ್ಲ, ಹಾಗೆ. ಮತ್ತೆ ನೀರು ಬಿಟ್ಟರೆ ಚಿಗುರುತ್ತದೆ. ಸೊರಗುವಾಗ ಅದರೊಳಗೆ ಏನೇನಾಗುತ್ತದೆ ಎಂಬುದೇ ಇವತ್ತಿನ ಕಥೆ.

ಮೊದಲು ಗಡ್ಡೆಯನ್ನೇ ನೋಡೋಣ. ಗರ್ಭಕೋಶದ ಗೋಡೆ ದಪ್ಪನೆಯ ಸ್ನಾಯು. ಹೆರಿಗೆಯಲ್ಲಿ ಮಗುವನ್ನು ಹೊರಗೆ ತಳ್ಳುವುದು ಇದೇ. ಈ ಸ್ನಾಯುವಿನ ಒಂದೇ ಒಂದು ಜೀವಕೋಶ ದಾರಿ ತಪ್ಪಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದದ್ದು ಫೈಬ್ರಾಯ್ಡ್. ಒಂದು ಗಡ್ಡೆಯ ಸ್ನಾಯುಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳು. ಪಕ್ಕದಲ್ಲೇ ಅಂಟಿಕೊಂಡ ಇನ್ನೊಂದು ಗಡ್ಡೆಗೆ ಸಾಮಾನ್ಯವಾಗಿ ಬೇರೆಯೇ ತಾಯಿ. 2011ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ಹತ್ತರಲ್ಲಿ ಸುಮಾರು ಏಳು ಗಡ್ಡೆಗಳಲ್ಲಿ ಮೆಡ್12 ಎಂಬ ಒಂದೇ ಜೀನ್ ಕೆಟ್ಟಿರುವುದನ್ನು ತೋರಿಸಿದರು. ಇದು ಕ್ಯಾನ್ಸರ್ ಅಲ್ಲ. ಅಪರೂಪದ ಕಾಯಿಲೆಯೂ ಅಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದಾಗ, 50 ವರ್ಷ ಆಗುವಷ್ಟರಲ್ಲಿ ಬಿಳಿಯ ಹೆಂಗಸರಲ್ಲಿ 70% ಹತ್ತಿರ, ಕಪ್ಪು ಹೆಂಗಸರಲ್ಲಿ 80% ಮೇಲೆ ಇಂಥ ಗಡ್ಡೆ ಇರುತ್ತದೆ ಎಂದು ಗೊತ್ತಾಯಿತು. ತುಂಬಾ ಜನಕ್ಕೆ ಅದು ಇರುವುದೇ ಗೊತ್ತಾಗಿರುವುದಿಲ್ಲ.

ನನ್ನ ಮೇಜಿನ ಮೇಲೆ ಇದು ಗಟ್ಟಿಯಾದ ಚೆಂಡು. ಚಾಕು ಹಾಕಿದ ಕೂಡಲೇ ಕೊಯ್ದ ಮುಖ ಉಬ್ಬಿ ಹೊರಗೆ ಬರುತ್ತದೆ, ಒತ್ತಿ ತುಂಬಿದ ಚೀಲದ ಬಾಯಿ ಬಿಚ್ಚಿದ ಹಾಗೆ. ಬಣ್ಣ ಮುತ್ತಿನ ಬಿಳಿ. ಮೇಲೆಲ್ಲಾ ಸುಳಿ ಸುಳಿ, ಮಗುವಿನ ನೆತ್ತಿಯ ಸುಳಿಯಂತೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕದಿರಿನಂಥ ಉದ್ದುದ್ದ ಕೋಶಗಳು, ಕಟ್ಟು ಕಟ್ಟಾಗಿ ಅಡ್ಡಡ್ಡ ಉದ್ದುದ್ದ ಹರಿಯುತ್ತಿರುತ್ತವೆ. ಕೋಶದ ನ್ಯೂಕ್ಲಿಯಸ್ ಸಿಗಾರಿನ ಆಕಾರ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ನಾನು ಸಿಗಾರ್ ಕೈಯಲ್ಲಿ ಹಿಡಿದಿಲ್ಲ. ನನಗೆ ಅದು ಜೀರಿಗೆ ಕಾಳಿನಂತೆ ಕಾಣುತ್ತದೆ. ವಿದ್ಯಾರ್ಥಿಗಳಿಗೂ ಹಾಗೇ ಹೇಳಿಕೊಡುತ್ತೇನೆ.

ಈಗ ಒಂದು ಮುಖ್ಯ ವಿಷಯ. ಗಡ್ಡೆ ಅಂದರೆ ಬರೀ ಕೋಶಗಳಲ್ಲ. ಕೋಶಗಳ ನಡುವೆ ತುಂಬಾ ಗಾರೆ ಇರುತ್ತದೆ. ಕೊಲಾಜೆನ್ ಎಂಬ ನಾರು, ನೀರು ಹಿಡಿದಿಡುವ ಇನ್ನಷ್ಟು ಪ್ರೋಟೀನುಗಳು, ಎಲ್ಲ ಸೇರಿದ ಗಾರೆ. ಇಟ್ಟಿಗೆಗಿಂತ ಗಾರೆಯೇ ಜಾಸ್ತಿ ಇರುವ ಗೋಡೆಯನ್ನು ನೆನೆಸಿಕೊಳ್ಳಿ. ಫೈಬ್ರಾಯ್ಡ್ ಎಂಬ ಹೆಸರು ಬಂದದ್ದೇ ಈ ನಾರಿನಿಂದ. ಔಷಧಿ ಗಡ್ಡೆಯನ್ನು ಕುಗ್ಗಿಸಬೇಕಾದರೆ ಇಟ್ಟಿಗೆಯನ್ನೂ ಚಿಕ್ಕದು ಮಾಡಬೇಕು, ಗಾರೆಯನ್ನೂ ಕೆಡವಬೇಕು.

ಈ ಗಡ್ಡೆಗೆ ಊಟ ಯಾವುದು? ಈಸ್ಟ್ರೋಜನ್ ಎಂಬ ಹಾರ್ಮೋನು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಓದುವಾಗ ಹಾಗೇ ಕಲಿತೆ. ಅದು ಅರ್ಧ ಸತ್ಯ. 2010ರಲ್ಲಿ ಅಮೆರಿಕದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಹೆಂಗಸರಿಂದ ತೆಗೆದ ಫೈಬ್ರಾಯ್ಡಿನ ಕೋಶಗಳನ್ನು ಇಲಿಗಳ ಮೂತ್ರಪಿಂಡದ ಹೊದಿಕೆಯ ಕೆಳಗೆ ನೆಟ್ಟರು. ಬೇರೆಯವರ ಅಂಗಾಂಶವನ್ನು ತಳ್ಳಿಹಾಕುವ ಶಕ್ತಿಯೇ ಇಲ್ಲದ ಇಲಿಗಳು ಅವು. ಬರೀ ಈಸ್ಟ್ರೋಜನ್ ಕೊಟ್ಟರು, ಗಡ್ಡೆ ಬೆಳೆಯಲಿಲ್ಲ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಟ್ಟರು, ಬೆಳೆಯಿತು. ಪ್ರೊಜೆಸ್ಟರಾನ್ ನಿಲ್ಲಿಸಿದರು, ಕುಗ್ಗಿತು.

ಹಾಗಾದರೆ ಈಸ್ಟ್ರೋಜನ್ ಏನು ಮಾಡುತ್ತದೆ? ಅದು ಬಾಗಿಲು ಕೂರಿಸುವ ಬಡಗಿ. ಪ್ರೊಜೆಸ್ಟರಾನ್ ಬಂದು ಕೂರಲು ಕೋಶದೊಳಗೆ ರಿಸೆಪ್ಟರ್ ಎಂಬ ಜಾಗ ಬೇಕು. ಆ ರಿಸೆಪ್ಟರನ್ನು ಮಾಡಿಸುವುದು ಈಸ್ಟ್ರೋಜನ್. ಬಾಗಿಲಿಂದ ಒಳಗೆ ಬಂದು ಮನೆಯ ಯಜಮಾನಿಕೆ ನಡೆಸುವುದು ಪ್ರೊಜೆಸ್ಟರಾನ್. ಅದು ಕೋಶಗಳಿಗೆ ಒಡೆದು ಎರಡಾಗಿ ಎನ್ನುತ್ತದೆ. ಬಿಸಿಎಲ್-2 ಎಂಬ ಪ್ರೋಟೀನನ್ನೂ ಹೆಚ್ಚಿಸುತ್ತದೆ. ಹಳೆಯ ಕೋಶಗಳು ತಮ್ಮಷ್ಟಕ್ಕೆ ಸಾಯುವುದನ್ನು ತಡೆಯುವ ಪ್ರೋಟೀನ್ ಅದು. ಹುಟ್ಟು ಜಾಸ್ತಿ, ಸಾವು ಕಮ್ಮಿ. ಗಡ್ಡೆ ಬೆಳೆಯದೆ ಇನ್ನೇನಾಗುತ್ತದೆ?

ಇಷ್ಟು ಸಾಲದು ಎಂಬಂತೆ ಗಡ್ಡೆ ತನ್ನ ಮನೆಯಲ್ಲೇ ಒಂದು ಸಣ್ಣ ಅಡುಗೆಮನೆ ಇಟ್ಟುಕೊಂಡಿರುತ್ತದೆ. ಅರೋಮಟೇಸ್ ಎಂಬ ಕಿಣ್ವದ ಸಹಾಯದಿಂದ ಅಲ್ಲೇ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತದೆ. ಹೊರಗಿನ ಸರಬರಾಜು ಒಂದು ಕಡೆ, ಒಳಗಿನ ಒಲೆ ಇನ್ನೊಂದು ಕಡೆ.

ಹಾಗಾದರೆ ಸರಬರಾಜು ನಿಲ್ಲಿಸುವುದು ಹೇಗೆ? ಈ ಎರಡೂ ಹಾರ್ಮೋನುಗಳು ಮುಖ್ಯವಾಗಿ ಬರುವುದು ಅಂಡಾಶಯದಿಂದ, ಆದರೆ ಅದನ್ನು ನೇರವಾಗಿ ಮುಟ್ಟಬೇಕಾಗಿಲ್ಲ. ಅದರ ಮೇಲಧಿಕಾರಿ ಇರುವುದು ತಲೆಯಲ್ಲಿ. ಮೆದುಳಿನ ಬುಡದಿಂದ ಒಂದೂ ಕಾಲು ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ತೊಟ್ಟು ತೊಟ್ಟಾಗಿ ಹೊರಡುತ್ತದೆ. ಹತ್ತೇ ಹತ್ತು ಅಮೈನೋ ಆಮ್ಲಗಳ ಪುಟ್ಟ ಸರ. ಅದು ಪಿಟ್ಯುಟರಿ ಗ್ರಂಥಿಯ ಬಾಗಿಲು ತಟ್ಟುತ್ತದೆ, ಪಿಟ್ಯುಟರಿ ಅಂಡಾಶಯಕ್ಕೆ ಆರ್ಡರ್ ಕಳಿಸುತ್ತದೆ. ಆ ಸರದಲ್ಲಿ ಯಾವ ಮಣಿಯ ಪಕ್ಕ ಯಾವುದು ಎಂದು 1971ರಲ್ಲಿ ಬಿಡಿಸಿದವರು ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಲೆಮಿನ್. ಒಬ್ಬರು ಹಂದಿಯ ಮೆದುಳು, ಇನ್ನೊಬ್ಬರು ಕುರಿಯ ಮೆದುಳು ಹಿಡಿದು ವರ್ಷಗಟ್ಟಲೆ ಪೈಪೋಟಿಯಲ್ಲಿ ದುಡಿದವರು. 1977ರಲ್ಲಿ ನೊಬೆಲ್ ಇಬ್ಬರಿಗೂ ಬಂತು.

ಆಮೇಲೆ ಒಂದು ವಿಚಿತ್ರ ಗೊತ್ತಾಯಿತು. 1978ರಲ್ಲಿ ಪಿಟ್ಸ್‌ಬರ್ಗಿನ ಅರ್ನ್ಸ್ಟ್ ಕ್ನೋಬಿಲ್ ಅವರ ತಂಡ ಕೋತಿಗಳಿಗೆ ಈ ಹಾರ್ಮೋನನ್ನು ಎರಡು ರೀತಿ ಕೊಟ್ಟು ನೋಡಿತು. ಗಂಟೆಗೊಮ್ಮೆ ಬಿಟ್ಟು ಬಿಟ್ಟು ಕೊಟ್ಟರೆ ಪಿಟ್ಯುಟರಿ ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಒಂದೇ ಸಮ ಹರಿಸಿದರೆ ಕೆಲಸ ನಿಲ್ಲಿಸಿಬಿಟ್ಟಿತು. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಒಂದು ಸಲ "ಏ ಪುಟ್ಟಾ" ಅಂದರೆ ಮಗು ಬರುತ್ತದೆ. ಬೆಳಗಿಂದ ಸಂಜೆವರೆಗೆ "ಪುಟ್ಟಾ ಪುಟ್ಟಾ" ಅಂತಲೇ ಇದ್ದರೆ ಅದು ಕಿವಿ ಮುಚ್ಚಿಕೊಳ್ಳುತ್ತದೆ.

ಇಂಜೆಕ್ಷನ್ ಮಾಡುವುದು ಇದನ್ನೇ. ಲ್ಯೂಪ್ರೊಲೈಡ್, ಗೋಸೆರೆಲಿನ್, ಟ್ರಿಪ್ಟೊರೆಲಿನ್, ಈ ಹೆಸರುಗಳನ್ನು ನಿಮ್ಮಲ್ಲಿ ಕೆಲವರು ಚೀಟಿಯಲ್ಲಿ ನೋಡಿರಬಹುದು. ಆ ಹತ್ತು ಮಣಿಯ ಸರದಲ್ಲಿ ಆರನೇ ಮಣಿಯನ್ನು ಬದಲಿಸಿ ಮಾಡಿದ ಔಷಧಿಗಳಿವು. ಅಸಲಿ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಇವು ಅಷ್ಟು ಬೇಗ ಒಡೆಯುವುದಿಲ್ಲ, ರಿಸೆಪ್ಟರಿಗೂ ಗಟ್ಟಿಯಾಗಿ ಅಂಟುತ್ತವೆ. ಮೊದಲ ಒಂದೆರಡು ವಾರ ಪಿಟ್ಯುಟರಿ ಗಾಬರಿಯಿಂದ ಜಾಸ್ತಿ ಕೆಲಸ ಮಾಡುತ್ತದೆ. ಆಗ ಕೆಲವರಿಗೆ ರಕ್ತಸ್ರಾವ ಒಮ್ಮೆ ಹೆಚ್ಚುವುದೂ ಉಂಟು. "ಇಂಜೆಕ್ಷನ್ ತಗೊಂಡು ಜಾಸ್ತಿ ಆಯ್ತು" ಎಂದು ಹೆದರಿ ಬಿಡುವವರು ಬಿಡುವುದು ಈ ಹೊತ್ತಿನಲ್ಲೇ. ಆಮೇಲೆ ಪಿಟ್ಯುಟರಿ ತನ್ನ ರಿಸೆಪ್ಟರುಗಳನ್ನು ಒಳಗೆ ಎಳೆದುಕೊಂಡು ಸುಮ್ಮನಾಗುತ್ತದೆ. ಅಂಡಾಶಯ ಮಲಗುತ್ತದೆ. ಮುಟ್ಟು ನಿಲ್ಲುತ್ತದೆ. ಈ ವಿಧಾನದಿಂದ ಫೈಬ್ರಾಯ್ಡ್ ಕುಗ್ಗಿದ ಮೊದಲ ವರದಿ ಬಂದದ್ದು 1983ರಲ್ಲಿ.

ಸರಿ, ಈಗ ಗಡ್ಡೆಯೊಳಗೆ ಹೋಗೋಣ. ಊಟ ನಿಂತಿದೆ. ಕೋಶ ಏನು ಮಾಡುತ್ತದೆ?

ಮೊದಲು ಮಕ್ಕಳು ಹೆರುವುದನ್ನು ನಿಲ್ಲಿಸುತ್ತದೆ. ಒಡೆಯಲು ಸಜ್ಜಾದ ಕೋಶಗಳಿಗೆ ಮಾತ್ರ ಹತ್ತುವ ಕೆಐ-67 ಎಂಬ ಬಣ್ಣದ ಪರೀಕ್ಷೆ ಇದೆ. ಇಂಜೆಕ್ಷನ್ ತಗೊಂಡವರ ಗಡ್ಡೆಯಲ್ಲಿ ಆ ಕಂದು ಚುಕ್ಕೆಗಳು ಕಡಿಮೆ. ಎರಡನೆಯದಾಗಿ ಕೋಶ ತಾನೇ ಸಣ್ಣಗಾಗುತ್ತದೆ. ನ್ಯೂಕ್ಲಿಯಸ್ಸಿನ ಸುತ್ತ ಇರುವ ಮಾಂಸಲ ಭಾಗ ಇಳಿಯುತ್ತದೆ. ತಿಂಗಳುಗಟ್ಟಲೆ ಜ್ವರ ಬಂದು ಎದ್ದವರ ತೋಳು ನೋಡಿದ್ದೀರಲ್ಲ, ಹಾಗೆ.

ಗಾರೆಯದ್ದು ಇನ್ನೂ ಚೆನ್ನಾದ ಕಥೆ. ಗಾರೆ ಕಲೆಸು ಎಂದು ಕೋಶಗಳಿಗೆ ಹೇಳುವ ಮೇಸ್ತ್ರಿಯ ಹೆಸರು ಟಿಜಿಎಫ್-ಬೀಟಾ. ಸಾಮಾನ್ಯ ಸ್ನಾಯುವಿಗಿಂತ ಗಡ್ಡೆಯಲ್ಲಿ ಈ ಮೇಸ್ತ್ರಿಯ ಜೋರು ಜಾಸ್ತಿ. ಹಾರ್ಮೋನು ನಿಂತಾಗ ಮೇಸ್ತ್ರಿಯ ದನಿ ತಗ್ಗುತ್ತದೆ, ಹೊಸ ಕೊಲಾಜೆನ್ ಬರುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಹಳೇ ಗಾರೆ ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ, ಆ ಕತ್ತರಿಗಳನ್ನು ಕಟ್ಟಿಹಾಕುವ ಪ್ರೋಟೀನು ಕಡಿಮೆಯಾಗುತ್ತದೆ. ಕಟ್ಟುವವರು ರಜೆ, ಕೆಡವುವವರಿಗೆ ಪೂರ್ತಿ ಪಾಳಿ.

ರಕ್ತನಾಳಗಳೂ ಕಿರಿದಾಗುತ್ತವೆ. ಗರ್ಭಕೋಶದ ರಕ್ತನಾಳಗಳಲ್ಲಿ ಹರಿವು ಇಳಿದದ್ದು ಡಾಪ್ಲರ್ ಸ್ಕ್ಯಾನಿನಲ್ಲೇ ಕಾಣುತ್ತದೆ. ಗಡ್ಡೆಯೊಳಗಿನ ಆ ಪುಟ್ಟ ಒಲೆ, ಅರೋಮಟೇಸ್, ಅದೂ ಆರುತ್ತಾ ಬರುತ್ತದೆ.

ಕೋಶಗಳು ಸಾಯುವುದೇ ಇಲ್ಲವಾ? ಕೆಲವು ಸಾಯುತ್ತವೆ. ಬಿಸಿಎಲ್-2 ಕಾವಲು ಸಡಿಲವಾದಾಗ, ಮುಖ್ಯವಾಗಿ ಮೊದಲ ವಾರಗಳಲ್ಲಿ, ಸಾವು ಹೆಚ್ಚುವುದನ್ನು ಕೆಲವು ಲ್ಯಾಬುಗಳು ಕಂಡಿವೆ. ಕೆಲವು ಕಂಡಿಲ್ಲ. ನನ್ನ ಅನುಭವ ಕೇಳಿದರೆ, ಇಂಜೆಕ್ಷನ್ ಆದ ಗಡ್ಡೆಯ ಸ್ಲೈಡಿನಲ್ಲಿ ನನಗೆ ಹೆಣಗಳ ರಾಶಿ ಕಂಡಿಲ್ಲ. ಕಂಡದ್ದು ಬಡಕಲು ಕೋಶಗಳ ಗುಂಪು.

ಈ ಬಡಕಲುತನದಿಂದ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೆ. ಒಂದು ಗಡ್ಡೆ ಬಂತು. ಸ್ಲೈಡ್ ಇಟ್ಟು ನೋಡಿದರೆ ಜೀರಿಗೆ ಕಾಳುಗಳು ಒತ್ತೊತ್ತಾಗಿ, ಮುಷ್ಟಿಯಲ್ಲಿ ಹಿಡಿದು ಸುರಿದ ಹಾಗೆ. ಇಷ್ಟು ಒತ್ತಾಗಿದ್ದರೆ ನಮ್ಮಂಥವರ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ, ಕೆಟ್ಟ ಗಡ್ಡೆಯೇನೋ ಎಂದು. ಒಡೆಯುತ್ತಿರುವ ಕೋಶಗಳು ಎಷ್ಟಿವೆ ಎಂದು ಒಂದೊಂದೇ ಜಾಗ ಎಣಿಸುತ್ತಾ ಹೋದೆ. ಒಂದೂ ಸಿಗಲಿಲ್ಲ. ಇನ್ನಷ್ಟು ತುಂಡು ತೆಗೆದು ನೋಡಿದೆ. ಎಲ್ಲ ಅಚ್ಚುಕಟ್ಟು, ಆದರೂ ಒತ್ತೊತ್ತು. ಎರಡು ದಿನ ರಿಪೋರ್ಟ್ ತಡವಾಯಿತು. ಕೊನೆಗೆ ಆಪರೇಷನ್ ಮಾಡಿದವರಿಗೆ ಫೋನ್ ಹಚ್ಚಿದೆ. "ಹೌದಲ್ಲ, ಮೂರು ತಿಂಗಳು ಇಂಜೆಕ್ಷನ್ ಕೊಟ್ಟಿದ್ವಿ, ಫಾರಂನಲ್ಲಿ ಬರೆಯೋದು ಬಿಟ್ಟುಹೋಯ್ತು" ಅಂದರು. ಕೋಶಗಳ ಸಂಖ್ಯೆ ಹೆಚ್ಚಿರಲಿಲ್ಲ. ಪ್ರತಿ ಕೋಶವೂ ಸೊರಗಿ ಸಣ್ಣದಾಗಿದ್ದರಿಂದ ನ್ಯೂಕ್ಲಿಯಸ್ಸುಗಳು ಹತ್ತಿರ ಹತ್ತಿರ ಬಂದಿದ್ದವು, ಅಷ್ಟೇ. ನೀವು ಇಂಜೆಕ್ಷನ್ ತಗೊಂಡಿದ್ದರೆ ಫಾರಂನಲ್ಲಿ ಬರೆದಿದ್ದಾರಾ ಎಂದು ದಯವಿಟ್ಟು ಕೇಳಿ. ನನ್ನಂಥವರ ಎರಡು ದಿನದ ನಿದ್ದೆ ಉಳಿಯುತ್ತದೆ, ನಿಮ್ಮದೂ.

ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕದಲ್ಲಿ ಒಂದು ಮೋಸ ಇದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 128 ಹೆಂಗಸರಿದ್ದರು. ಲ್ಯೂಪ್ರೊಲೈಡ್ ತಗೊಂಡವರ ಗರ್ಭಕೋಶದ ಗಾತ್ರ 12 ವಾರಕ್ಕೆ 36%, 24 ವಾರಕ್ಕೆ 45% ಕಡಿಮೆಯಾಯಿತು. ಕುಗ್ಗುವುದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಮುಗಿಯುತ್ತದೆ, ನೋಡಿ. ಮೋಸ ಎಲ್ಲಿದೆ ಅಂದರೆ, ಇದು ಘನ ಅಳತೆ. ಸ್ಕ್ಯಾನ್ ರಿಪೋರ್ಟಿನಲ್ಲಿ ನೀವು ನೋಡುವುದು ಅಡ್ಡಗಲ. 10 ಸೆಂಟಿಮೀಟರಿನ ಗಡ್ಡೆ ಪೂರ್ತಿ ಅರ್ಧ ಆದರೂ ಅಡ್ಡಗಲ 8 ಸೆಂಟಿಮೀಟರ್ ಹತ್ತಿರ ನಿಲ್ಲುತ್ತದೆ. "ಅರ್ಧ ಆಗುತ್ತೆ ಅಂದ್ರು, ಹತ್ತಿದ್ದದ್ದು ಎಂಟಾಗಿದೆ, ದುಡ್ಡು ದಂಡ" ಎಂದು ಬೇಜಾರಾಗುವವರು ತುಂಬಾ ಜನ. ಲಾಡಿನ ಹಿಟ್ಟಿನಲ್ಲಿ ಅರ್ಧ ತೆಗೆದು ಉಂಡೆ ಕಟ್ಟಿ ನೋಡಿ. ಉಂಡೆ ಅಂಥಾ ಚಿಕ್ಕದೇನೂ ಕಾಣುವುದಿಲ್ಲ.

ನಿಲ್ಲಿಸಿದರೆ? ಆರು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ವಾಪಸ್. ಕಾರಣ ಗಡ್ಡೆಯೊಳಗೇ ಇದೆ. ಅಲ್ಲಿ ಬೀಜದ ಕಾಳಿನಂಥ ಕೆಲವೇ ಕೋಶಗಳಿರುತ್ತವೆ. ಅವುಗಳಲ್ಲಿ ಹಾರ್ಮೋನಿನ ರಿಸೆಪ್ಟರುಗಳೇ ತುಂಬಾ ಕಮ್ಮಿ. ಪಕ್ಕದ ದೊಡ್ಡ ಕೋಶಗಳು ಹಾರ್ಮೋನು ಉಂಡು ಕಳಿಸುವ ಸಂದೇಶವೇ ಇವಕ್ಕೆ ಆಧಾರ. ಪಕ್ಕದವರು ಸೊರಗಿದಾಗ ಇವು ಸುಮ್ಮನೆ ಮಲಗುತ್ತವೆ. ಅಂಡಾಶಯ ಎದ್ದ ದಿನ ಇವೂ ಏಳುತ್ತವೆ. ಕರಗುತ್ತದೆ ಎನ್ನುವ ಪದ ನನಗೆ ಹಿಡಿಸದ್ದು ಇದಕ್ಕೇ.

ಮತ್ತೆ ಯಾಕೆ ಕೊಡುತ್ತಾರೆ? ಬಿಡುವಿಗಾಗಿ. ತಿಂಗಳು ತಿಂಗಳೂ ರಕ್ತ ಸುರಿದು ಹಿಮೋಗ್ಲೋಬಿನ್ ಆರಕ್ಕೋ ಏಳಕ್ಕೋ ಇಳಿದವರನ್ನು ಹಾಗೇ ಆಪರೇಷನ್ ಟೇಬಲ್ ಮೇಲೆ ಮಲಗಿಸುವುದು ಅಪಾಯ. ಮೂರು ತಿಂಗಳು ಮುಟ್ಟು ನಿಲ್ಲಿಸಿ, ಕಬ್ಬಿಣದ ಅಂಶ ಕೊಟ್ಟರೆ ರಕ್ತ ತುಂಬಿಕೊಳ್ಳುತ್ತದೆ. ಗಡ್ಡೆ ಸಣ್ಣದಾದರೆ ಕೊಯ್ಯುವ ಗಾಯವೂ ಸಣ್ಣದು, ರಕ್ತ ಹೋಗುವುದೂ ಕಮ್ಮಿ. ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುವ ಆಪರೇಷನ್ನಿನಲ್ಲಿ ಒಂದು ತೊಂದರೆಯೂ ಇದೆ. ಇಂಜೆಕ್ಷನ್ ಇಲ್ಲದ ಗಡ್ಡೆ ಕಿತ್ತಳೆಯ ಸಿಪ್ಪೆ ಬಿಟ್ಟ ಹಾಗೆ ಬಿಟ್ಟು ಬರುತ್ತದೆ. ಇಂಜೆಕ್ಷನ್ ಆದದ್ದು ಕೆಲವೊಮ್ಮೆ ಸುತ್ತಲಿನ ಸ್ನಾಯುವಿಗೆ ಅಂಟಿಕೊಂಡು, ಯಾವುದು ಸಿಪ್ಪೆ ಯಾವುದು ತೊಳೆ ಗೊತ್ತಾಗುವುದಿಲ್ಲ. ತೀರಾ ಸಣ್ಣ ಗಡ್ಡೆಗಳು ಕೈಗೇ ಸಿಗದೆ ಉಳಿದುಬಿಡುತ್ತವೆ. ಅದಕ್ಕೇ ಎಲ್ಲ ಸರ್ಜನ್ನರಿಗೂ ಈ ಇಂಜೆಕ್ಷನ್ ಇಷ್ಟವಿಲ್ಲ.

ವರ್ಷಗಟ್ಟಲೆ ಕೊಡಬಹುದಲ್ಲ ಎನ್ನುತ್ತೀರಿ. ಮುಟ್ಟು ನಿಲ್ಲುವ ವಯಸ್ಸು ಬರುವ ಮೊದಲೇ ಬಂದಂತೆ ಅದು. ಮೈ ಕಾವೇರುವುದು, ರಾತ್ರಿ ಬೆವರು, ನಿದ್ದೆ ಇಲ್ಲದಿರುವುದು. ಕಣ್ಣಿಗೆ ಕಾಣದೆ ಆಗುವುದು ಮೂಳೆಯ ಸವೆತ. ಅದಕ್ಕೆ ಆರು ತಿಂಗಳ ಗಡಿ. ಇದಕ್ಕೆ ಹುಡುಕಿದ ದಾರಿ, ತೆಗೆದುಕೊಂಡ ಹಾರ್ಮೋನನ್ನು ಚೂರು ವಾಪಸ್ ಕೊಡುವುದು. ಮೂಳೆಗೆ ಬೇಕಾದದ್ದು ಸ್ವಲ್ಪ, ಗಡ್ಡೆಗೆ ಬೇಕಾದದ್ದು ಜಾಸ್ತಿ. ನಡುವಿನ ಅಳತೆಯಲ್ಲಿ ನಿಲ್ಲಿಸಿದರೆ ಮೂಳೆ ಉಳಿಯುತ್ತದೆ, ಗಡ್ಡೆ ಹಸಿದೇ ಇರುತ್ತದೆ. ಇಲ್ಲೂ ಪ್ರೊಜೆಸ್ಟರಾನಿನ ಕೈವಾಡ ನೋಡಿ. ಶುರುವಿನಲ್ಲೇ ಪ್ರೊಜೆಸ್ಟರಾನ್ ಜಾತಿಯ ಮಾತ್ರೆಯನ್ನು ಜೋರಾಗಿ ಜೊತೆಗೆ ಕೊಟ್ಟಾಗ ಗಡ್ಡೆ ಸರಿಯಾಗಿ ಕುಗ್ಗಲೇ ಇಲ್ಲ. ಇಲಿಯಲ್ಲಿ ಆಮೇಲೆ ಕಂಡದ್ದು ಹೆಂಗಸರಲ್ಲಿ ಮೊದಲೇ ಕಂಡಿತ್ತು.

ಹೊಸ ಮಾತ್ರೆಗಳೂ ಬಂದಿವೆ. ಎಲಾಗೋಲಿಕ್ಸ್, ರೆಲುಗೋಲಿಕ್ಸ್. ಇವು ಪಿಟ್ಯುಟರಿಯನ್ನು ಕರೆದು ಕರೆದು ಸುಸ್ತು ಮಾಡುವುದಿಲ್ಲ, ನೇರವಾಗಿ ಬಾಗಿಲಿಗೇ ಅಡ್ಡ ನಿಲ್ಲುತ್ತವೆ. ಹಾಗಾಗಿ ಮೊದಲ ವಾರದ ಗಲಾಟೆ ಇಲ್ಲ. ಚೂರು ಹಾರ್ಮೋನನ್ನೂ ಜೊತೆಗೇ ಸೇರಿಸಿದ ರೂಪದಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ 2020ರಲ್ಲಿ, ಎರಡನೆಯದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು, ಹೆಚ್ಚೆಂದರೆ ಎರಡು ವರ್ಷದ ಬಳಕೆಗೆ. ಆ ರೂಪದಲ್ಲಿ ಇವು ರಕ್ತಸ್ರಾವ ಚೆನ್ನಾಗಿ ತಗ್ಗಿಸುತ್ತವೆ. ಗಡ್ಡೆಯನ್ನು ಕುಗ್ಗಿಸುವುದರಲ್ಲಿ ಹಳೇ ಇಂಜೆಕ್ಷನ್ನಿನಷ್ಟು ಗಟ್ಟಿಯಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಕೇಳಿದ ಪ್ರಶ್ನೆಗಳಿವು.

"ನಮ್ಮ ಅಕ್ಕನಿಗೆ ಚೆನ್ನಾಗಿ ಕುಗ್ಗಿತು, ನನಗೆ ಇಲ್ಲ. ಯಾಕೆ?" ಇಟ್ಟಿಗೆ ಗಾರೆಯ ಲೆಕ್ಕವೇ ಕಾರಣ. ಕೋಶ ತುಂಬಿದ ಗಡ್ಡೆ ಚೆನ್ನಾಗಿ ಸೊರಗುತ್ತದೆ. ಗಾರೆ ಹಳತಾಗಿ ಗಾಜಿನಂತೆ ಗಟ್ಟಿಯಾದ ಗಡ್ಡೆಯಲ್ಲಿ ಹಾರ್ಮೋನು ಕೇಳುವ ಕೋಶಗಳೇ ಕಡಿಮೆ. ಒಬ್ಬರ ಗರ್ಭಕೋಶದಲ್ಲೇ ಒಂದು ಗಡ್ಡೆ ಕುಗ್ಗಿ, ಇನ್ನೊಂದು ಹಾಗೇ ಕೂತಿರುವುದೂ ಇದೆ.

"ಇಂಜೆಕ್ಷನ್ ತಗೊಂಡ ಮೇಲೂ ಬೆಳೆದರೆ?" ಅದನ್ನು ಸುಮ್ಮನೆ ಬಿಡಬಾರದು. ಊಟ ನಿಲ್ಲಿಸಿದರೂ ಬೆಳೆಯುತ್ತಿದೆ ಅಂದರೆ ಅದು ಬೇರೆ ಜಾತಿಯ ಗಡ್ಡೆ ಇರಬಹುದು. ಅಪರೂಪಕ್ಕೆ ಕ್ಯಾನ್ಸರ್ ಕೂಡ. ಡಾಕ್ಟರ್ ಹತ್ತಿರ ಬೇಗ ವಾಪಸ್ ಹೋಗಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಬೆಳೆಯುವ ಗಡ್ಡೆಗೂ ಇದೇ ಮಾತು.

ಕೊನೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. "ನನಗೆ ನಲವತ್ತೈದರಲ್ಲಿ ತೆಂಗಿನಕಾಯಿಯಷ್ಟು ಗಡ್ಡೆ ಇತ್ತಮ್ಮ. ಯಾವ ಇಂಜೆಕ್ಷನ್ನೂ ತಗೊಳ್ಳಲಿಲ್ಲ. ಈಗ ಎಪ್ಪತ್ತು. ಹೋದ ವರ್ಷ ಸ್ಕ್ಯಾನಿನಲ್ಲಿ ನಿಂಬೆಹಣ್ಣಿನಷ್ಟು ಅಂದ್ರು. ಅದು ಈಗ ಒಳಗೆ ಹೇಗಿರುತ್ತೆ?"

ಕಲ್ಲಿನ ಹಾಗಿರುತ್ತದೆ ಅಮ್ಮ, ಅಂದೆ. ಔಷಧಿ ಮೂರು ತಿಂಗಳಲ್ಲಿ ಮಾಡುವುದನ್ನು ನಿಮ್ಮ ವಯಸ್ಸು ನಿಧಾನವಾಗಿ ಮಾಡಿದೆ. ಹಾರ್ಮೋನು ನಿಂತಿತು, ಕೋಶ ಸೊರಗಿತು, ರಕ್ತ ಬರುವುದು ಕಮ್ಮಿಯಾಯಿತು, ಖಾಲಿಯಾದ ಜಾಗದಲ್ಲಿ ಸುಣ್ಣ ಕಟ್ಟಿಕೊಂಡಿತು. ಅಂಥ ಗಡ್ಡೆ ನನ್ನ ಮೇಜಿಗೆ ಬಂದರೆ ಚಾಕು ಕರಕರ ಅನ್ನುತ್ತದೆ, ಬ್ಲೇಡಿನ ಬಾಯಿ ಮೊಂಡಾಗುತ್ತದೆ. ಆಮ್ಲದಲ್ಲಿ ನೆನೆಹಾಕಿ ಸುಣ್ಣ ಬಿಡಿಸಿ, ಕಾದು, ಆಮೇಲೆ ಹೆರೆಯಬೇಕು.

"ಹಾಗಾದ್ರೆ ಅದು ಒಳಗೇ ಇರಲಿ ಬಿಡು, ನಿನಗೆ ಯಾಕೆ ತೊಂದರೆ," ಅಂದು ಕೂತರು.